ಎಲೆ ಕತ್ತರಿಸುವವಳು

ಮಕರ 3, ಸೋಮವಾರ

ಗುಲಾಬಿ ಗಿಡದ ಕಳ್ಳಿ ಇವತ್ತು ಸಿಕ್ಕಿಬಿದ್ದಳು.

ಬಹಳ ದಿನದಿಂದ ನನ್ನ ಗಿಡದ ಎಲೆಗಳ ಅಂಚು ಗುಂಡಗೆ ಕತ್ತರಿಸಿಹೋಗುತ್ತಿತ್ತು. ಕಂಬಳಿಹುಳ ತಿಂದರೆ ಹರಕುಮುರುಕಾಗಿರುತ್ತದೆ. ಇದು ಹಾಗಲ್ಲ, ಕೈವಾರ ಇಟ್ಟು ಎಳೆದಷ್ಟು ನಯ. ಶಾಲೆಯಲ್ಲಿ ಗಣಿತ ಕಲಿಸಿ ನಿವೃತ್ತಳಾದ ನನಗೇ ಬರಿಗೈಯಲ್ಲಿ ಅಂಥ ವೃತ್ತ ಬರುವುದಿಲ್ಲ. ಸೊಸೆ ಶೈಜಳನ್ನು ಛೇಡಿಸಿದೆ.

“ಏನು ಮೋಳೇ, ಪಟ್ಟಾಂಬಿ ಪೇಟೆ ಹೆಂಗಸರ ರವಿಕೆ ಕತ್ತರಿಸಿ ಸಾಕಾಗದೆ ನನ್ನ ಗಿಡಕ್ಕೂ ಕತ್ತರಿ ಹಾಕ್ತಿದೀಯಾ?”

“ಅಯ್ಯೋ ಅಮ್ಮೇ, ನಿಮ್ಮ ಗಿಡ ಮುಟ್ಟಿ ಈ ಮನೇಲಿ ಬದುಕೋದುಂಟಾ? ಬನ್ನಿ, ಕಳ್ಳಿನ ತೋರಿಸ್ತೀನಿ. ಸದ್ದು ಮಾಡ್ಬೇಡಿ.”

ಆರು ತಿಂಗಳ ಹೊಟ್ಟೆ ಹೊತ್ತುಕೊಂಡು ಅವಳು ಬೆಕ್ಕಿನ ಹಾಗೆ ನಡೆದಳು, ನಾನು ಹಿಂದೆ. ಒಂದು ಕಪ್ಪು ಜೇನು ಎಲೆಯ ಅಂಚಿಗೆ ಸವಾರಿ ಕೂತಿತು. ಹೊಟ್ಟೆಯ ಕೆಳಗೆಲ್ಲ ಹಳದಿ ಪರಾಗ. ಬಾಯಿಂದ ಸರಸರ ಕೊಯ್ಯುತ್ತಾ ಹೋಯಿತು, ತುಂಡು ಕಳಚಿ ಬೀಳುವ ಮೊದಲೇ ಅದನ್ನು ಕಾಲುಗಳ ನಡುವೆ ಅವುಚಿಕೊಂಡು ಹಾರಿತು. ನೇರವಾಗಿ ಜಗಲಿಯ ಪಕ್ಕದ ಕೋಣೆಯ ಬಾಗಿಲಿಗೆ ಹೋಗಿ ಬೀಗದ ತೂತಿನೊಳಗೆ ನುಗ್ಗಿತು.

“ನಮ್ಮ ಕಸುಬಿನವಳೇ ಅಮ್ಮೇ,” ಅಂದಳು ಶೈಜ. “ಅಳತೆ ಪಟ್ಟಿ ಇಲ್ಲ, ಸೀಮೆಸುಣ್ಣ ಇಲ್ಲ. ನನಗಿಂತ ಜಾಣೆ.”

ಇವು ಗುಂಪು ಕಟ್ಟದ ಜೇನುಗಳೆಂದು ನಮ್ಮ ಯಜಮಾನರು, ಊರಿಗೆಲ್ಲ ಮಾಷ್, ಒಮ್ಮೆ ಹೇಳಿದ್ದು ನೆನಪಿತ್ತು. ಅವಳಿಗೂ ಹೇಳಿದೆ. ರಾಣಿಯಿಲ್ಲ, ಆಳುಗಳಿಲ್ಲ, ಒಬ್ಬಳೇ ಎಲ್ಲ ಮಾಡಬೇಕು. ಎಲೆ ಸುತ್ತಿ ತೊಟ್ಟಿಲು ಮಾಡಿ, ಅದರೊಳಗೆ ಪರಾಗದ ಹಿಟ್ಟಿಟ್ಟು, ಒಂದು ಮೊಟ್ಟೆಯಿಟ್ಟು, ಗುಂಡನೆಯ ಎಲೆಯಿಂದಲೇ ಮುಚ್ಚಳ ಹಾಕುತ್ತಾಳೆ.

“ಒಬ್ಬಳೇನಾ? ಪಾಪ,” ಎಂದು ಶೈಜ ತನ್ನ ಹೊಟ್ಟೆ ಸವರಿಕೊಂಡಳು.

ಮಾಷ್ ಕರ್ಕಾಟಕ ಮಾಸದಲ್ಲಿ ತೀರಿಹೋದ ಮೇಲೆ ಈ ಮನೆಯಲ್ಲಿ ಇಷ್ಟು ನಕ್ಕದ್ದು ಇವತ್ತೇ. ಒಳ್ಳೆಯ ಹುಡುಗಿ. ಪ್ರಸೂನ್ ತಾನೇ ಮೆಚ್ಚಿ ತಂದವಳು, ನಾನೇ ಹುಡುಕಿದ್ದರೂ ಇಂಥವಳು ಸಿಗುತ್ತಿರಲಿಲ್ಲ.

ಮಕರ 6, ಗುರುವಾರ

ಪ್ರಸೂನ್ ವಿದ್ಯುತ್ ಕಂಬದಿಂದ ಬಿದ್ದ. ಲೈನ್‌ಮ್ಯಾನ್ ಕೆಲಸಕ್ಕೆ ಸೇರಿದಂದಿನಿಂದ ಯಾವುದಕ್ಕೆ ಹೆದರಿದ್ದೆನೋ ಅದೇ ಆಯಿತು. ಬಲಗಾಲು ಎರಡು ಕಡೆ ಮುರಿದಿದೆ. ಜೀವಕ್ಕೆ ಅಪಾಯವಿಲ್ಲವಂತೆ. ನನಗೆ ಇನ್ನು ಬರೆಯಲಾಗದು.

ಮಕರ 11, ಮಂಗಳವಾರ

ಪ್ರಸೂನನನ್ನು ಮನೆಗೆ ತಂದೆವು. ಕಾಲಿಗೆ ಪ್ಲಾಸ್ಟರ್, ಕಂಕುಳಿಗೆ ಅಲ್ಯೂಮಿನಿಯಂ ಊರುಗೋಲು. ಶೈಜ ಬೆಳಗಿನಿಂದ ಅವನ ಸುತ್ತಲೇ ಇದ್ದಾಳೆ. ಗಂಜಿ ಕುಡಿಸುತ್ತಾಳೆ, ಹಣೆ ಮುಟ್ಟಿ ನೋಡುತ್ತಾಳೆ.

ಅವನಿಗೆ ಮಾಷ್ ಮಲಗುತ್ತಿದ್ದ ಅಗಲದ ಮಂಚ ಬೇಕಾಗಿತ್ತು. ಅದಿರುವುದು ಪಕ್ಕದ ಕೋಣೆಯಲ್ಲಿ. ಬೀಗದ ಕೈ ತೂತಿಗೆ ಇಳಿಯಲೇ ಇಲ್ಲ. ಪಕ್ಕದ ಮನೆಯ ತಂಗಮಣಿ ಸಹಾಯಕ್ಕೆಂದು ಬಂದವಳು ಕೂದಲಿನ ಪಿನ್ನು ತೆಗೆದು ಕೆದಕಿದಳು. ಎಲೆಯ ಸುರುಳಿಯೊಂದು ಜಾರಿ ಅವಳ ಅಂಗೈಗೆ ಬಿತ್ತು. ಬಿಚ್ಚಿದರೆ ಪದರ ಪದರ ಎಲೆ, ಒಳಗೆ ಅಂಟಂಟಾದ ಹಳದಿ ಹಿಟ್ಟು. ಕೆಂಡ ಮುಟ್ಟಿದವಳ ಹಾಗೆ ಅದನ್ನು ನೆಲಕ್ಕೆಸೆದು ಎದೆಗೆ ಕೈಯಿಟ್ಟುಕೊಂಡಳು.

“ನನ್ನಪ್ಪಾ! ಟೀಚರೇ, ಇದು ಕೂಡೋತ್ರ! ನಿಮಗೆ ಯಾರೋ ಮಾಟ ಮಾಡ್ಸಿದಾರೆ! ಹುಡುಗ ಸುಮ್ಮನೆ ಬಿದ್ದದ್ದು ಅಂದ್ಕೊಂಡ್ರಾ?”

“ಬಾಯಿ ಮುಚ್ಚು ತಂಗಮಣಿ. ಅದು ಜೇನುಹುಳದ ಗೂಡು. ನಾನೇ ಕಣ್ಣಾರೆ ನೋಡಿದೀನಿ. ಮಂತ್ರವಾದಿಗಳ ಬಂಡವಾಳ ಬಯಲು ಮಾಡೋದಕ್ಕೆ ನಮ್ಮ ಮಾಷ್ ಊರೂರು ಅಲೆದವರು. ಅವರ ಮನೆ ಜಗಲಿ ಮೇಲೆ ನಿಂತು ಇಂಥ ಮಾತಾಡ್ತೀಯಲ್ಲ, ನಾಚಿಕೆ ಆಗಲ್ವಾ?”

“ಹುಳ ಅಂತೀರಾ, ಸರಿ, ಹುಳ. ನಮ್ಮನೇಲೂ ಗುಲಾಬಿ ಉಂಟು, ನಮ್ಮನೇಲೂ ಬೀಗ ಉಂಟು. ನಿಮ್ಮನೆಗೇ ಯಾಕೆ ಬಂತು?”

ಉತ್ತರ ಕೊಡಬೇಕಾದ ಪ್ರಶ್ನೆಯೇ ಅಲ್ಲ ಅದು. ಅವಳಿಗೆ ಚಹಾ ಕೊಟ್ಟು ಕಳಿಸಿದೆ. ಶೈಜ ಮಾತ್ರ ಆ ಸುರುಳಿಯನ್ನು ನೆಲದಿಂದ ಎತ್ತಿಕೊಂಡು, “ಒಳಗಿನ ಮೊಟ್ಟೆ ಹಾಳಾಯ್ತೇನೋ,” ಎಂದು ಬೇಸರಪಟ್ಟಳು.

ಮಕರ 17, ಸೋಮವಾರ

ಪ್ಲಾಸ್ಟರಿನ ಮೇಲ್ಭಾಗದ ಗಾಯಕ್ಕೆ ಕೀವು ಕೂಡಿದೆ. ಜ್ವರ ಇಳಿಯುತ್ತದೆ, ಮತ್ತೆ ಏರುತ್ತದೆ. ಡಾಕ್ಟರು ಔಷಧಿ ಬದಲಾಯಿಸಿದರು.

ಸಂಜೆ ಕರಿಬೇವು ಕೇಳುವ ನೆಪದಲ್ಲಿ ತಂಗಮಣಿಯ ಹಿತ್ತಲಿಗೆ ಹೋಗಿದ್ದೆ. ಅವಳ ಗುಲಾಬಿ ಗಿಡವನ್ನೂ ನೋಡಿದೆ. ಸುಮ್ಮನೆ ಕುತೂಹಲ. ಒಂದೇ ಒಂದು ಎಲೆಯೂ ತುಂಡಾಗಿಲ್ಲ.

ಮಕರ 19, ಬುಧವಾರ

ಊರುಗೋಲಿನ ಎತ್ತರ ಸರಿಪಡಿಸಲು ಅದರ ಕೊಳವೆಯಲ್ಲಿ ಸಾಲಾಗಿ ತೂತುಗಳಿರುತ್ತವಲ್ಲ, ಅದರಲ್ಲೊಂದು ತೂತಿನಲ್ಲಿ ಹಸಿರು ಮುಚ್ಚಳ. ಕಡ್ಡಿಯಿಂದ ಎಳೆದೆ. ಅದೇ ಸುರುಳಿ, ಅದೇ ಹಳದಿ ಹಿಟ್ಟು. ನನ್ನ ಮಗ ಕಂಕುಳಲ್ಲಿಟ್ಟುಕೊಳ್ಳುವ ಕೋಲಿನೊಳಗೆ!

ಜೇನು ತೂತು ಹುಡುಕುತ್ತದೆ, ಕೋಲಿನಲ್ಲಿ ತೂತಿತ್ತು, ಜಗಲಿಯ ಬಿಸಿಲಿಗೆ ಒರಗಿಸಿಟ್ಟಿದ್ದರು. ಇಷ್ಟೇ ವಿಷಯ. ಮಾಷ್ ಇದ್ದಿದ್ದರೆ ಹೀಗೇ ಹೇಳುತ್ತಿದ್ದರು. ಆದರೂ ಅದನ್ನು ಒಲೆಗೆ ಹಾಕಿದೆ.

ಶೈಜಳ ಅಜ್ಜ ಯಂತ್ರ ಬರೆದುಕೊಡುತ್ತಿದ್ದರಂತೆ. ಮದುವೆಯ ಮಾತಿನ ವೇಳೆ ಪ್ರಸೂನನೇ ನಗುತ್ತಾ ಹೇಳಿದ್ದ. ಮಾಷ್ ಕೂಡ ನಕ್ಕು, “ಒಳ್ಳೇದಾಯ್ತು, ಎದುರು ಪಾರ್ಟಿಯಿಂದ ಒಬ್ಬಳು ನಮ್ಮ ಕಡೆ ಬಂದಳು,” ಅಂದಿದ್ದರು. ಇವತ್ತು ಯಾಕೋ ಆ ಮಾತು ನೆನಪಾಯಿತು.

ಮಕರ 25, ಮಂಗಳವಾರ

ನಾಲ್ಕು ದಿನದಿಂದ ಅವಳನ್ನು ಗಮನಿಸುತ್ತಿದ್ದೇನೆ. ಅನುಮಾನವಲ್ಲ, ಗಮನಿಸುವುದು ಟೀಚರ್‌ಗಳ ಅಭ್ಯಾಸ.

ಬೆಳಿಗ್ಗೆ ಬಿಸಿಲು ಏರಿದ ಕೂಡಲೇ ಗುಲಾಬಿ ಗಿಡದ ಹತ್ತಿರ ಹೋಗಿ ನಿಲ್ಲುತ್ತಾಳೆ. ಆ ಕಪ್ಪು ಜೇನು ಬರುತ್ತದೆ. ಅವಳು ಒಂದು ಮೊಳ ದೂರದಲ್ಲಿ ನಿಂತಿದ್ದರೂ ಹೆದರುವುದಿಲ್ಲ, ಕೊಯ್ದುಕೊಂಡು ಹೋಗುತ್ತದೆ. ನಾನು ಹತ್ತಿರ ಹೋದರೆ ಹಾರಿಬಿಡುತ್ತದೆ. ಅವಳ ತುಟಿ ಅಲ್ಲಾಡುತ್ತಿತ್ತು.

“ಯಾರ ಜೊತೆ ಮಾತು?” ಎಂದೆ.

ಬೆಚ್ಚಿಬಿದ್ದಳು. ಆಮೇಲೆ ನಗು. “ಒಳಗಿರೋರ ಜೊತೆ ಅಮ್ಮೇ. ನೋಡು ನಿನ್ನ ಥರಾನೇ ಅದರ ಮಗೂನೂ ಕತ್ತಲಲ್ಲಿ ಬೆಚ್ಚಗೆ ಮಲಗಿರುತ್ತೆ ಅಂತ ಹೇಳ್ತಿದ್ದೆ.”

ಮಧ್ಯಾಹ್ನ ಅವಳ ಹೊಲಿಗೆ ಯಂತ್ರದ ಎಣ್ಣೆ ತೂತಿನಲ್ಲಿ ಇನ್ನೊಂದು ಹಸಿರು ಮುಚ್ಚಳ ಕಂಡಿತು. ಅವಳು ಅದನ್ನು ನೋಡಿಯೂ ತೆಗೆದಿಲ್ಲ. ಯಂತ್ರ ಕಿರ್ರೆನ್ನುತ್ತಿದೆ, ಹಾಗೇ ತುಳಿಯುತ್ತಿದ್ದಾಳೆ. ಕೇಳಿದ್ದಕ್ಕೆ, “ಇನ್ನು ಸ್ವಲ್ಪ ದಿನ, ಮರಿ ಹೊರಗೆ ಬರಲಿ,” ಅಂದಳು.

ತನ್ನ ಅನ್ನದ ಯಂತ್ರವನ್ನೇ ಒಂದು ಹುಳಕ್ಕೆ ಬಿಟ್ಟುಕೊಡುತ್ತಾರೆಯೇ?

ಕುಂಭ 2, ಸೋಮವಾರ

ತಂಗಮಣಿಯ ಬಾಯಿ ಮುಚ್ಚಿಸಬೇಕೆಂದೇ ಅವಳ ಜೊತೆ ಅಚ್ಯುತ ಪಣಿಕ್ಕರ್ ಎಂಬ ಜೋಯಿಸರ ಮನೆಗೆ ಹೋಗಿ ಬಂದೆ. ನಂಬಿಕೆಯಿಂದ ಹೋದದ್ದಲ್ಲ. ಮಾಷ್ ಎಷ್ಟೋ ಸಲ ಹೋಗುತ್ತಿದ್ದ ಹಾಗೆ, ಪರೀಕ್ಷಿಸುವ ದೃಷ್ಟಿಯಿಂದ.

ಅವರು ಬುರುಡೆ ಬಿಡುತ್ತಾರೆ, ನಾನು ಹಿಡಿದು ನಿಲ್ಲಿಸುತ್ತೇನೆ ಅಂದುಕೊಂಡಿದ್ದೆ. ಅವರು ನಾನು ಒಯ್ದಿದ್ದ ಬೀಗದ ತೂತಿನ ಸುರುಳಿಯನ್ನು ನೋಡಿ ಮೊದಲು ಅಂದದ್ದೇ ಇದು: “ಜೇನಿನ ಗೂಡು. ಟೀಚರ್ ಹೇಳಿದ್ದು ನೂರಕ್ಕೆ ನೂರು ಸರಿ.”

ತಂಗಮಣಿಯ ಮುಖ ಚಿಕ್ಕದಾಯಿತು.

ಆಮೇಲೆ ಪಣಿಕ್ಕರ್ ನಿಧಾನವಾಗಿ ಅಂದರು. “ಅಂಚೆಯವನು ಕಾಗದ ತಂದು ಹಾಕ್ತಾನೆ. ತಂದವನು ಅಂಚೆಯವನು, ಅದು ನಿಜ. ಬರೆದವರು ಯಾರು ಅಂತ ಟೀಚರ್ ಕೇಳೋದಿಲ್ವಾ?”

ಎಷ್ಟು ಸರಳ! ಹುಳವನ್ನು ನಾನು ನೋಡಿದ್ದೇನೆ, ಅದು ಸುಳ್ಳಲ್ಲ. ಕಳಿಸಿದವರು ಯಾರು ಎಂಬುದು ಬೇರೆಯೇ ಪ್ರಶ್ನೆ. ಒಂದು ಇನ್ನೊಂದನ್ನು ಸುಳ್ಳು ಮಾಡುವುದಿಲ್ಲ. ನನಗಿದು ಮೊದಲೇ ಹೊಳೆಯಬೇಕಾಗಿತ್ತು.

ಹೆಸರು ಹೇಳಲಿಲ್ಲ. “ಕತ್ತರಿ ಹಿಡಿಯೋ ಕೈ,” ಅಂದರು, ಅಷ್ಟೇ. “ಬೇಕಂತ ಮಾಡ್ತಿಲ್ಲ, ಪಾಪ. ಅಜ್ಜನ ಕಾಲದ್ದು ರಕ್ತದಲ್ಲಿ ಇಳಿದು ಬಂದಿದೆ. ಒಂದು ಮಂಡಲ, ನಲವತ್ತೊಂದು ದಿನ, ಕಬ್ಬಿಣ ಮುಟ್ಟಬಾರದು, ಹೊಸ್ತಿಲು ದಾಟಬಾರದು. ಸರಿಹೋಗುತ್ತೆ.” ಅಜ್ಜನ ವಿಷಯ ನಾನು ಹೇಳಿರಲಿಲ್ಲ. ತಂಗಮಣಿ ಹೇಳಿದ್ದಾಳಾ ಅಂತ ಕೇಳಿದೆ. ತಾಯಿಯಾಣೆ ಇಲ್ಲ ಅಂದಳು.

ಕುಂಭ 5, ಗುರುವಾರ

ಕತ್ತರಿ, ಸೂಜಿ, ಯಂತ್ರದ ಚಕ್ರ ಎಲ್ಲ ತೆಗೆದು ನನ್ನ ಕಪಾಟಿನಲ್ಲಿಟ್ಟು ಬೀಗ ಹಾಕಿದೆ. ಶೈಜ ಮೊದಲು ತಮಾಷೆ ಅಂದುಕೊಂಡಳು.

“ಅಮ್ಮೇ, ರವಿಕೆ ಕೊಟ್ಟವರ ಮನೇಲಿ ಶನಿವಾರ ಮದುವೆ. ಆರು ರವಿಕೆ ಕತ್ತರಿಸಿಟ್ಟಿದೀನಿ. ಕೊಡಿ ಅಮ್ಮೇ.”

“ಹೊಟ್ಟೆಯಲ್ಲಿ ಮಗು ಇಟ್ಕೊಂಡು ಯಂತ್ರ ತುಳಿಯೋದು ಬೇಡ.”

“ಮೊನ್ನೆ ಮೊನ್ನೆವರೆಗೆ ತುಳಿದ್ನಲ್ಲ? ನೀವೇ ಕೂತು ಗುಂಡಿ ಹಾಕಿಕೊಡ್ತಿದ್ರಿ!” ಅವಳು ನನ್ನ ಮುಖವನ್ನೇ ನೋಡಿದಳು. “ಇದು ಆ ಎಲೆ ವಿಷಯಾನಾ? ಆ ತಂಗಮಣಿ ಚೇಚ್ಚಿ ಹೇಳಿದ್ದಾ? ಅಮ್ಮೇ, ನಾವಿಬ್ಬರೂ ಒಟ್ಟಿಗೆ ನಿಂತು ನೋಡಿದ್ವಲ್ಲ!”

ಶೈಜ ಪ್ರಸೂನನ ಹತ್ತಿರ ಹೋಗಿ ಅತ್ತಳು. ಅವನು ಜ್ವರದಲ್ಲಿ ಗೋಡೆ ನೋಡುತ್ತಾ, “ಅಮ್ಮ ಹೇಳಿದ ಹಾಗೆ ನಾಲ್ಕು ದಿನ ಇರು ಶೈಜೇ. ನಿನಗೇನು ನಷ್ಟ?” ಅಂದ. ಒಳ್ಳೆಯ ಮಗ.

ಮದುವೆ ಮನೆಯವರು ಬಟ್ಟೆ ವಾಪಸು ಒಯ್ದರು.

ಕುಂಭ 11, ಬುಧವಾರ

ಇವತ್ತು ಕಷ್ಟದ ದಿನ. ಏಳನೆಯ ತಿಂಗಳಲ್ಲಿ ಚೊಚ್ಚಲ ಬಸುರಿಯನ್ನು ತವರಿಗೆ ಕರೆದೊಯ್ಯುವ ಪದ್ಧತಿ. ಶೈಜಳ ಅಮ್ಮ, ಅಣ್ಣ ಇಬ್ಬರೂ ಜೀಪು ಮಾಡಿಕೊಂಡು ಬಂದರು. ಬೆಲ್ಲದ ಉಣ್ಣಿಯಪ್ಪ, ಬಾಳೆಗೊನೆ, ಹೊಸ ಸೀರೆ. ಶೈಜ ಆಗಲೇ ಸ್ನಾನ ಮಾಡಿ, ಚೀಲ ತುಂಬಿಕೊಂಡು ಜಗಲಿಯಲ್ಲಿ ಕೂತಿದ್ದಳು. ಮುಖದಲ್ಲಿ ಎಷ್ಟೋ ದಿನದ ಮೇಲೆ ಕಳೆ.

ನಾನು ಬಾಗಿಲಲ್ಲೇ ನಿಂತು ಹೇಳಿದೆ, ಈಗ ಕಳಿಸುವುದಿಲ್ಲ ಅಂತ.

ಅವಳ ಅಮ್ಮನಿಗೆ ಮೊದಲು ಅರ್ಥವಾಗಲಿಲ್ಲ. “ಏನಾದ್ರೂ ತಪ್ಪಾಯ್ತಾ ಟೀಚರೇ? ಪದ್ಧತಿ ಪ್ರಕಾರ ದಿನ ನೋಡೇ ಬಂದಿದೀವಿ. ತವರಲ್ಲಿ ಅಲ್ಲದೆ ಚೊಚ್ಚಲು ಎಲ್ಲಾಗುತ್ತೆ?”

“ಗಂಡ ಮಂಚ ಹಿಡಿದಿದ್ದಾನೆ. ಹೆಂಡತಿ ತವರಿಗೆ ಹೊರಟರೆ ಚೆನ್ನಾಗಿರುತ್ತಾ?”

“ಅವನನ್ನ ನೋಡ್ಕೊಳ್ಳೋದಕ್ಕೆ ನೀವಿಲ್ವಾ? ತಂಗಿ ಇಷ್ಟು ಬಡಕಲಾಗಿದ್ದಾಳಲ್ಲ, ಇದೇನು ನೋಡ್ಕೊಂಡಿರೋದು?” ಅಣ್ಣ ಎಗರಿಬಿದ್ದ. ನಾನು ಪ್ರಸೂನನನ್ನು ಕರೆದೆ. ಊರುಗೋಲು ಹಿಡಿದು ಬಂದು ನಿಂತ. “ಇನ್ನೊಂದು ತಿಂಗಳು ಕಳೆಯಲಿ, ನಾನೇ ಬಿಟ್ಟು ಬರ್ತೀನಿ,” ಎಂದ, ನಾನು ಹೇಳಿಕೊಟ್ಟ ಹಾಗೆ.

ಶೈಜ ಅಳಲಿಲ್ಲ. ಅಮ್ಮನ ಕಿವಿಯಲ್ಲಿ ಏನೋ ಹೇಳಹೊರಟಳು, ನಾನು ನಡುವೆ ಹೋಗಿ ನಿಂತೆ. ಜೀಪು ತಿರುವು ದಾಟುವವರೆಗೂ ಅವಳು ನೋಡುತ್ತಲೇ ಇದ್ದಳು. ಉಣ್ಣಿಯಪ್ಪವನ್ನು ಕೋಳಿಗಳಿಗೆ ಹಾಕಿದೆ. ಆ ಮನೆಯಿಂದ ಬಂದದ್ದನ್ನು ಯಾರು ತಿನ್ನುತ್ತಾರೆ.

ನನಗೂ ಸಂಕಟವಾಯಿತು. ಆದರೆ ಹೊಸ್ತಿಲು ದಾಟಿದರೆ ಆ ದೋಷ ಅವಳ ಹಿಂದೆಯೇ ಹೋಗಿ ಮಗುವಿಗೆ ತಗಲುತ್ತದೆ ಅಂತ ಪಣಿಕ್ಕರ್ ಅಂದಿದ್ದಾರೆ. ಅವಳ ಒಳ್ಳೆಯದಕ್ಕೇ ಅಲ್ಲವೇ ನಾನು ಕೆಟ್ಟವಳಾಗುತ್ತಿರುವುದು?

ಕುಂಭ 14, ಶನಿವಾರ

ಪ್ರಸೂನನ ಜ್ವರ ಪೂರ್ತಿ ಬಿಟ್ಟಿದೆ. ಗಾಯ ಒಣಗುತ್ತಿದೆ. ಡಾಕ್ಟರು ತಮ್ಮ ಹೊಸ ಔಷಧಿಯ ಹಿರಿಮೆ ಅನ್ನುತ್ತಾರೆ. ಹೇಳಿಕೊಳ್ಳಲಿ. ಕತ್ತರಿ ಯಾವತ್ತು ಬೀಗದೊಳಗೆ ಹೋಯಿತು, ಜ್ವರ ಯಾವತ್ತಿನಿಂದ ಇಳಿಯಿತು, ಲೆಕ್ಕ ನನ್ನ ಹತ್ತಿರವಿದೆ.

ಕುಂಭ 22, ಭಾನುವಾರ

ಬೆಳಿಗ್ಗೆ ನಾನು ಮೀನಿನವನ ಹತ್ತಿರ ಮತ್ತಿ ಮೀನು ಆರಿಸುತ್ತಿದ್ದಾಗ ಶೈಜ ಹಿಂಬಾಗಿಲಿನಿಂದ ಹೊರಟುಬಿಟ್ಟಿದ್ದಳು. ಚೀಲ ಇಲ್ಲ, ಚಪ್ಪಲಿ ಇಲ್ಲ. ಬಸ್ ನಿಲ್ದಾಣದ ಹತ್ತಿರ ತಂಗಮಣಿಯ ಗಂಡ ದಾಸನ್ ನೋಡಿ ಕರೆತಂದ. ಆ ಹೊಟ್ಟೆಯಲ್ಲಿ ಎಷ್ಟು ದೂರ ಹೋಗುತ್ತಾಳೆ?

“ನನ್ನ ಬಿಡಿ ಅಮ್ಮೇ,” ಅಂದಳು. ಕೂಗಲಿಲ್ಲ, ಬೈಯಲಿಲ್ಲ. “ನನಗೆ ನಿಮ್ಮನ್ನ ಕಂಡ್ರೆ ಹೆದರಿಕೆ ಆಗ್ತಿದೆ. ನೀವು ನನ್ನ ನೋಡೋ ನೋಟ ಬೇರೆ ಆಗಿದೆ. ನಿಮಗೆ ಗೊತ್ತಾಗ್ತಿಲ್ಲ.”

ನನಗೆ ಹೆದರುವುದಂತೆ! ಮಾಷ್ ಹೋದಾಗ ನನ್ನ ತಲೆಯನ್ನು ಮಡಿಲಲ್ಲಿಟ್ಟುಕೊಂಡು ಕೂತವಳು ಇವಳೇ. ಇದು ಅವಳ ಮಾತಲ್ಲ. ಅವಳ ಬಾಯಿಂದ ಯಾರೋ ಆಡಿಸುತ್ತಿದ್ದಾರೆ.

ಪಣಿಕ್ಕರ್‌ಗೆ ಫೋನು ಮಾಡಿದೆ. ಮಂಡಲ ಮುಗಿಯುವ ತನಕ ಒಂದೇ ಕೋಣೆಯಲ್ಲಿ ಇರಿಸಿ ಅಂದರು. ಪಕ್ಕದ ಕೋಣೆ ಖಾಲಿ ಮಾಡಿಸಿದೆ. ಮಾಷ್ ಅವರ ವಿಚಾರವಾದಿ ಸಂಘದ ಪುಸ್ತಕಗಳನ್ನೆಲ್ಲ ಮಾಳಿಗೆಗೆ ಹಾಕಿಸಿದೆ. ಕಿಟಕಿಗೆ ಕಂಬಿಯಿದೆ, ಗಾಳಿಗೆ ತೊಂದರೆಯಿಲ್ಲ. ಒಳಗೇ ಶೌಚದ ವ್ಯವಸ್ಥೆಯೂ ಇದೆ. ಕೀಲಿಕೈ ನನ್ನ ಸೊಂಟದಲ್ಲಿ.

ಮೀನ 1, ಮಂಗಳವಾರ

ಬೀಗ ಹಾಕಿದ ಮೇಲೂ ಆ ಜೇನು ಬರುತ್ತಿದೆ. ಕಿಟಕಿಯ ಕಂಬಿಯ ಬುಡದಲ್ಲಿ ಒಂದು, ಬಾಗಿಲ ಚೌಕಟ್ಟಿನ ಮೊಳೆ ಕಿತ್ತ ತೂತಿನಲ್ಲಿ ಒಂದು. ನೋಡಿ, ಅವಳಿರುವಲ್ಲಿಗೇ! ಇನ್ನು ಯಾರಿಗೆ ಏನು ಪುರಾವೆ ಬೇಕು?

ಗುಲಾಬಿ ಗಿಡವನ್ನು ಬುಡಸಮೇತ ಕಿತ್ತೆ. ಮಾರನೇ ದಿನವೇ ಕಾಗದದ ಹೂವಿನ ಬಳ್ಳಿಯ ಎಲೆಯಲ್ಲಿ ಅದೇ ಗುಂಡನೆಯ ಕಡಿತ. ಅದನ್ನೂ ಕಡಿಸಿದೆ.

ಇವತ್ತು ಮೇಣ ಕರಗಿಸಿ ಆ ಕೋಣೆಯ ತೂತುಗಳನ್ನೆಲ್ಲ ಮುಚ್ಚಿದೆ. ಚೌಕಟ್ಟು, ಮೊಳೆ ತೂತು, ಕಿಟಕಿಯ ಸಂದು, ಕಡೆಗೆ ಬೀಗದ ತೂತು. ಊಟ ಕಿಟಕಿಯಿಂದ ಕೊಟ್ಟರಾಯಿತು. ಕೆಲಸ ಮುಗಿಯುವಷ್ಟರಲ್ಲಿ ಅದು ಎಲೆ ಹಿಡಿದುಕೊಂಡು ಬಂತು. ಬಾಗಿಲ ಮುಂದೆ ಸುತ್ತು ಹಾಕಿತು, ತೂತು ಸಿಗದೆ ಮೇಣದ ಮೇಲೆಲ್ಲ ಓಡಾಡಿತು, ಕಡೆಗೆ ಎಲೆಯನ್ನು ಅಲ್ಲೇ ಬೀಳಿಸಿ ಹೋಯಿತು. ಜೋರಾಗಿ ನಕ್ಕುಬಿಟ್ಟೆ. ಪ್ರಸೂನ್ ಒಳಗಿನಿಂದ, “ಏನಮ್ಮಾ?” ಅಂದ. ಏನಿಲ್ಲ ಅಂದೆ.

ಮೀನ 3, ಗುರುವಾರ

ಗಂಜಿ ಹಾಗೇ ವಾಪಸು ಬಂದಿದೆ. ಹಟ.

ಮೀನ 5, ಶನಿವಾರ

ಬೆಳಗಿನಿಂದ ಶೈಜ ಕೂಗುತ್ತಿದ್ದಳು. ನೋವು ಅಂತ. ಎಂಟನೇ ತಿಂಗಳಿನಲ್ಲಿ ಎಂಥ ನೋವು? ಮೊನ್ನೆಯೂ ಬಾಗಿಲು ತೆಗೆಸಲು ಹೊಟ್ಟೆನೋವು ಅಂದಿದ್ದಳು. ಅಲ್ಲಿ ಪಣಿಕ್ಕರ್ ಮನೆಯಲ್ಲಿ ಇವತ್ತೇ ಹೋಮ, ಮಧ್ಯಾಹ್ನದ ಪೂರ್ಣಾಹುತಿಗೆ ಮುಂಚೆ ತೆಗೆಯಬೇಡಿ ಅಂತ ಖಡಾಖಂಡಿತ ಹೇಳಿದ್ದರು.

“ಅಮ್ಮಾ, ಅವಳ ಧ್ವನಿ ಕೇಳು! ಕೀಲಿ ಕೊಡು!” ಪ್ರಸೂನ್ ನನ್ನ ಸೆರಗು ಹಿಡಿದ. ನಾನು ಕೊಡಲಿಲ್ಲ. “ಸ್ವಲ್ಪ ಹೊತ್ತು ಮೋನೇ, ಸ್ವಲ್ಪ ಹೊತ್ತು. ಇಷ್ಟು ದಿನ ತಡೆದದ್ದು ಈಗ ಹಾಳು ಮಾಡ್ಬೇಡ.”

ಆಮೇಲೆ ಅವಳು ಕೂಗುವುದನ್ನು ನಿಲ್ಲಿಸಿದಳು. ಅದು ಇನ್ನೂ ಕಷ್ಟವಾಯಿತು. ಬಾಗಿಲ ಕೆಳಗಿನಿಂದ ನೀರು ಹರಿದು ಬಂತು.

ಹೊತ್ತಾದ ಮೇಲೆ ನಾನೇ ಓಡಿದೆ. ಕೀಲಿ ಇಳಿಯಲಿಲ್ಲ. ಮೇಣ ಕಲ್ಲಾಗಿತ್ತು. ಪಿನ್ನು ಹಾಕಿದೆ, ಉಗುರು ಹಾಕಿದೆ. ಪ್ರಸೂನ್ ಊರುಗೋಲಿನಿಂದ ಬಾಗಿಲಿಗೆ ಚಚ್ಚತೊಡಗಿದ, ಕೋಲು ಬಾಗಿಹೋಯಿತು, ಅವನೂ ಬಿದ್ದ. ಬಿದ್ದಲ್ಲಿಂದಲೇ ದಾಸನ್, ದಾಸನ್ ಎಂದು ಅರಚಿದ. ದಾಸನ್ ಕೊಡಲಿ ತಂದು ಬಾಗಿಲು ಒಡೆದ.

ಅವಳು ಗೋಡೆಗೆ ಒರಗಿ ನೆಲದ ಮೇಲೆ ಕೂತಿದ್ದಳು. ತನ್ನ ಸೀರೆಯನ್ನೇ ಹರಿದು ಕೆಳಗೆ ಹಾಸಿಕೊಂಡಿದ್ದಳು. ನನ್ನನ್ನು ನೋಡಿ ಎರಡು ಕೈಯನ್ನೂ ಹೊಟ್ಟೆಯ ಮೇಲೆ ಅಡ್ಡ ಹಿಡಿದಳು.

ಆಟೋದಲ್ಲಿ ಒಯ್ದರು. ಹೆಣ್ಣು ಮಗು. ಬದುಕಿದೆ.

ಮೀನ 8, ಮಂಗಳವಾರ

ಮಗುವನ್ನು ಗಾಜಿನ ಪೆಟ್ಟಿಗೆಯಲ್ಲಿಟ್ಟಿದ್ದಾರೆ. ಶೈಜಳಿಗೆ ರಕ್ತ ಕೊಟ್ಟರು. ಬಾಗಿಲು ಸಿಕ್ಕಿಹಾಕಿಕೊಂಡಿತ್ತು ಅಂತ ಪ್ರಸೂನ್ ಡಾಕ್ಟರಿಗೆ ಹೇಳಿದ್ದಾನೆ. ಅವಳೂ ಬಾಯಿಬಿಟ್ಟಿಲ್ಲ. ಆದರೆ ನನ್ನನ್ನು ವಾರ್ಡಿನೊಳಗೆ ಬಿಡಬಾರದು ಅಂದಿದ್ದಾಳಂತೆ. ನರ್ಸು ಬಾಗಿಲಲ್ಲೇ ತಡೆದಳು. ಶೈಜಳ ಅಮ್ಮ ಒಳಗಿನಿಂದ ನನ್ನ ಕಡೆ ನೋಡಿ ಮುಖ ತಿರುಗಿಸಿದರು.

ಹೊರಗಿನ ಬೆಂಚಿನಲ್ಲಿ ಕೂತು ಬಿಕ್ಕಿಬಿಕ್ಕಿ ಅತ್ತೆ. ಜನ ನೋಡುತ್ತಿದ್ದರು. ನೋಡಲಿ.

ಮೀನ 12, ಶನಿವಾರ

ದಿನಾ ಹೋಗುತ್ತೇನೆ, ಬೆಂಚಿನಲ್ಲಿ ಕೂತು ಬರುತ್ತೇನೆ. ಗಾಜಿನ ಪೆಟ್ಟಿಗೆಗಳಿರುವ ಕೋಣೆಗೆ ಈ ಕಡೆ ಒಂದು ಕಿಟಕಿಯಿದೆ. ಅಲ್ಯೂಮಿನಿಯಂ ಚೌಕಟ್ಟು. ಅದರ ಸ್ಕ್ರೂ ಬಿದ್ದುಹೋದ ತೂತಿನಲ್ಲಿ ಇವತ್ತು ಹಸಿರು ಮುಚ್ಚಳ ಕಂಡೆ. ಹೊಚ್ಚಹೊಸದು, ಇನ್ನೂ ಬಾಡಿಲ್ಲ.

ಶೈಜ ಇರುವುದು ಮೇಲಿನ ಮಹಡಿಯ ಇನ್ನೊಂದು ತುದಿಯಲ್ಲಿ. ಹಾಸಿಗೆಯಿಂದ ಎದ್ದೇ ಇಲ್ಲ. ಕತ್ತರಿ ಮುಟ್ಟಿ ತಿಂಗಳಾಯಿತು.

ಹಾಗಾದರೆ ಅವಳಲ್ಲ.

ಮೀನ 15, ಮಂಗಳವಾರ

ಅವಳಲ್ಲ, ಅವಳಲ್ಲ. ಎಂಥ ಪಾಪ ಮಾಡಿಬಿಟ್ಟೆ! ಆ ಹೆಣ್ಣುಮಗಳನ್ನು ಎಷ್ಟು ಗೋಳು ಹುಯ್ದುಕೊಂಡೆ. ಇವತ್ತು ವಾರ್ಡಿನ ಬಾಗಿಲಲ್ಲಿ ನಿಂತು ಎಲ್ಲರೆದುರು ಕೈಮುಗಿದೆ. “ಶೈಜೇ, ನನ್ನದು ತಪ್ಪಾಯ್ತು. ನೀನಲ್ಲ ಅಂತ ಈಗ ಗೊತ್ತಾಯ್ತು. ನನ್ನ ಕಣ್ಣಿಗೆ ಏನೋ ಮುಸುಕು ಕವಿದಿತ್ತು ಮೋಳೇ.” ಒಂದೊಂದು ಅಕ್ಷರವೂ ನಿಜ. ನೆಲದ ಮೇಲೆ ಕೂತುಬಿಟ್ಟೆ. ಪ್ರಸೂನ್ ನನ್ನನ್ನು ಎಬ್ಬಿಸುತ್ತಾ ತಾನೂ ಅತ್ತ.

ಶೈಜ ಹಾಸಿಗೆಯಲ್ಲಿ ಪಕ್ಕಕ್ಕೆ ಸರಿದು ಜಾಗ ಮಾಡಿ, “ಒಳಗೆ ಬಂದು ಕೂತ್ಕೊಳ್ಳಿ ಅಮ್ಮೇ, ನೆಲ ತಣ್ಣಗಿದೆ,” ಅಂದಳು.

ನಾನು ಹೇಳಿದ್ದೆನಲ್ಲ, ಒಳ್ಳೆಯ ಹುಡುಗಿ ಅಂತ.

ಮೀನ 17, ಗುರುವಾರ

ಈಗ ಮನಸ್ಸು ಎಷ್ಟೋ ಹಗುರ. ತಂಗಮಣಿಗೂ ಹೇಳಲಿಲ್ಲ, ಪಣಿಕ್ಕರ್ ಹತ್ತಿರವೂ ಹೋಗಲಿಲ್ಲ. ನಾನೇ ಕೂತು ಕೂಡಿ ಕಳೆದು ನೋಡಿದೆ.

ಹುಟ್ಟಿದ ದಿನದಿಂದ ಹಿಂದಕ್ಕೆ ಎಣಿಸಿದೆ. ಆ ಮಗು ಹೊಟ್ಟೆಗೆ ಬಂದದ್ದು ಕರ್ಕಾಟಕದಲ್ಲಿ. ಮಾಷ್ ಹೋದದ್ದೂ ಕರ್ಕಾಟಕದಲ್ಲೇ. ಒಂದು ಬಂತು, ಒಂದು ಹೋಯಿತು. ಹೊಟ್ಟೆ ಎದ್ದು ಕಾಣತೊಡಗಿದಾಗ ಎಲೆಗಳು ತುಂಡಾಗತೊಡಗಿದವು. ಅದು ಒಳಗೆ ಒದೆಯಲು ಶುರು ಮಾಡಿತು, ಪ್ರಸೂನ್ ಕಂಬದಿಂದ ಬಿದ್ದ. ಅದು ಎಲ್ಲಿದೆಯೋ ಜೇನು ಅಲ್ಲಿಗೇ ಬಂದಿದೆ. ನಮ್ಮ ಜಗಲಿಗೆ, ಪಕ್ಕದ ಕೋಣೆಗೆ, ಈಗ ಆಸ್ಪತ್ರೆಯ ಆ ಕಿಟಕಿಗೆ. ಶೈಜ ಗಿಡದ ಹತ್ತಿರ ನಿಂತು ಮಾತಾಡುತ್ತಿದ್ದದ್ದು ಯಾರ ಜೊತೆ? ಅವಳೇ ಹೇಳಿದ್ದಳು. ಪಾಪ, ಹೊತ್ತು ತಿರುಗಿದ್ದಷ್ಟೇ ಅವಳು.

ಎಷ್ಟು ಸಲ ಮಾಡಿದರೂ ಲೆಕ್ಕ ಒಂದೇ ಬರುತ್ತದೆ.

ಯಾರಿಗೂ ಹೇಳುವುದಿಲ್ಲ. ಹೇಳಿದರೆ ನಂಬುವುದಿಲ್ಲ, ಹೆತ್ತವರಿಗೆ ನಂಬಲು ಆಗುವುದೂ ಇಲ್ಲ.

ಮೀನ 18, ಶುಕ್ರವಾರ

ಒಳ್ಳೆಯ ಸುದ್ದಿ. ಮಗು ತೂಕ ಹಾಕಿದೆ, ಗಾಜಿನ ಪೆಟ್ಟಿಗೆಯಿಂದ ಹೊರಗೆ ತೆಗೆದರು. ನಾಳೆ ಮನೆಗೆ ಕಳಿಸುತ್ತಾರೆ. ತವರಿಗಲ್ಲ, ನಮ್ಮ ಮನೆಗೇ. ಶೈಜಳ ಅಮ್ಮ ಎಷ್ಟು ಬೇಡವೆಂದರೂ ಪ್ರಸೂನ್ ಕೇಳಲಿಲ್ಲ. “ಅಮ್ಮ ಮೊದಲಿನ ಹಾಗೆ ಆಗಿದ್ದಾಳೆ, ನೋಡಿ,” ಅಂದ.

ಶೈಜಳ ಕೂದಲು ಬಾಚಿಕೊಟ್ಟೆ. ಅವಳು ನನ್ನ ಕೈಯನ್ನು ತನ್ನ ಕೆನ್ನೆಗೆ ಇಟ್ಟುಕೊಂಡಳು. ಬಹಳ ಸುಸ್ತಾಗಿದ್ದಾಳೆ, ಇಷ್ಟು ದಿನ ಕಣ್ಣು ಮುಚ್ಚಿಲ್ಲವಂತೆ.

“ಮನೆಗೆ ಹೋದ ಮೇಲೆ ನೀನು ಚೆನ್ನಾಗಿ ನಿದ್ದೆ ಮಾಡು ಮೋಳೇ,” ಎಂದೆ. “ಮಗುವನ್ನ ನನ್ನ ಹತ್ತಿರ ಮಲಗಿಸ್ಕೊಳ್ತೀನಿ.”

“ಸರಿ ಅಮ್ಮೇ,” ಅಂದಳು.